ಸ್ಯಾಟಲೈಟ್‌ನಲ್ಲಿ ಗಾಳಿಯ ಲೆಕ್ಕ

ಅಹಮದಾಬಾದಿನ ಕಾಲುಪುರ ಸ್ಟೇಷನ್ನಿನಲ್ಲಿ ಇಳಿದು ಆಟೋದವನಿಗೆ ‘ಸ್ಯಾಟಲೈಟ್’ ಎಂದರೆ ಅವನು ಆಕಾಶ ನೋಡುವುದಿಲ್ಲ. ‘ಶಿವರಂಜನಿ ಕೇ ಜೋಧಪುರ?’ ಎಂದಷ್ಟೇ ಕೇಳುತ್ತಾನೆ. ಶಿವರಂಜನಿ ಒಂದು ಚೌಕ, ಜೋಧಪುರ ಇನ್ನೊಂದು. ರಾಜಸ್ಥಾನದ ಜೋಧಪುರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ನಗರ ನುಂಗಿದ ಒಂದು ಹಳ್ಳಿ. ಪಕ್ಕದ ದಿಬ್ಬಕ್ಕೆ ಜೋಧಪುರ ಟೇಕ್ರಾ ಎಂದು ಹೆಸರು. ಟೇಕ್ರಾ ಎಂದರೆ ಗುಜರಾತಿಯಲ್ಲಿ ದಿಬ್ಬ. 1967ರಲ್ಲಿ ಆ ದಿಬ್ಬದ ಮೇಲೆ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಬಂತು. 1972ರಲ್ಲಿ ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಆಯಿತು. ಆಮೇಲೆ ರಸ್ತೆಗೆ, ರಸ್ತೆಯ ಬದಿಯ ಸೊಸೈಟಿಗಳಿಗೆ, ಕೊನೆಗೆ ಇಡೀ ಬಡಾವಣೆಗೇ ಸ್ಯಾಟಲೈಟ್ ಎಂಬ ಹೆಸರು ಅಂಟಿಕೊಂಡಿತು. ಊರ ಗಾಂವಠಿ ದೇವರ ಹೆಸರನ್ನೋ ಕೆರೆಯ ಹೆಸರನ್ನೋ ಇಟ್ಟುಕೊಳ್ಳುವ ನಮಗೆ, ಒಂದು ಯಂತ್ರದ ಹೆಸರಿನ ಬಡಾವಣೆಯಲ್ಲಿ ಸೀರೆ ಅಂಗಡಿ, ಫಾಫಡಾ ಅಂಗಡಿ, ಜೈನ ದೇರಾಸರ ನೋಡುವುದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ.

ಕನ್ನಡಿಗರಿಗೆ ಈ ದಿಬ್ಬದ ಋಣ ಇದೆ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರು ಇದೇ ಊರಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಬಂತಲ್ಲ, ಅವುಗಳಲ್ಲಿ ನಮ್ಮ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಉಪಗ್ರಹ ಅಮೆರಿಕದ ನಾಸಾದ್ದು, ಎಟಿಎಸ್-6. ಅದಕ್ಕೆ ಕಾರ್ಯಕ್ರಮ ಹಾರಿಸಿದ ಮುಖ್ಯ ಭೂಕೇಂದ್ರ ಅಹಮದಾಬಾದಿನದು. ಹಳ್ಳಿಯಲ್ಲಿ ಅದನ್ನು ಹಿಡಿಯಲು ನಿಲ್ಲಿಸಿದ ಹತ್ತಡಿ ಅಗಲದ ಛತ್ರಿಯನ್ನು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ ಮಾಡಿದ್ದರು. ಆಕಾಶದ ಕೆಲಸಕ್ಕೂ ಅಗ್ಗದ ಜಾಲರಿ ಸಾಕಾಗುತ್ತದೆ ಎಂದು ತೋರಿಸಿಕೊಟ್ಟ ಊರಿದು. ಹಾಗಾಗಿ ನಾನು ಕಾರಿನ ಅಡಿ ಮಲಗಿ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದಾಗ ನಮ್ಮ ಸೊಸೈಟಿಯಲ್ಲಿ ಯಾರೂ ಅಷ್ಟೇನೂ ಗಾಬರಿಯಾಗಲಿಲ್ಲ.

ವಿಷಯ ಇಷ್ಟು. ವಾರಕ್ಕೆ ಎರಡು ಮೂರು ಸಲ ನಾನು ವಡೋದರಾಕ್ಕೆ ಹೋಗಿ ಬರಬೇಕು. ಸ್ಯಾಟಲೈಟ್‌ನಿಂದ 132 ಅಡಿ ರಿಂಗ್ ರೋಡ್ ಹಿಡಿದು, ನಾರೋಲ್ ದಾಟಿ, ಸಿಟಿಎಂ ಬಳಿ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಮುಂದಿನ 93 ಕಿಮೀ ಗೆರೆ ಎಳೆದಂಥ ರಸ್ತೆ. ದೇಶದ ಒಂದನೇ ನಂಬರಿನ ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಅದೇ. ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ನಡಿಯಾದ್ ಮತ್ತು ಆಣಂದ್ ಬಿಟ್ಟರೆ ಹೆಚ್ಚು ಇಳಿದಾಣಗಳಿಲ್ಲ. ಕಾರು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವ ಇಂಥ ರಸ್ತೆಯಲ್ಲಿ ಇಂಧನ ಎಲ್ಲಿ ಹೋಗುತ್ತಿದೆ ಎಂದು ಯೋಚಿಸಲು ಬೇಕಾದಷ್ಟು ಸಮಯ ಸಿಗುತ್ತದೆ.

ಉತ್ತರ ಗಾಳಿಯಲ್ಲಿದೆ. ಸುಮಾರು ಒಂದು ಟನ್ ತೂಕದ ಚಿಕ್ಕ ಕಾರು, ಎದುರಿನಿಂದ ನೋಡಿದರೆ ಎರಡು ಚದರ ಮೀಟರಿಗೆ ಸ್ವಲ್ಪ ಹೆಚ್ಚು ಅಗಲ, ಗಾಳಿ ಸೀಳುವ ಗುಣಕ್ಕೆ ಎಂಜಿನಿಯರುಗಳು ಕೊಡುವ ಅಂಕ, ಅಂದರೆ ಡ್ರ್ಯಾಗ್ ಕೋಎಫಿಶಿಯೆಂಟ್, 0.35 ಎಂದು ಹಿಡಿಯಿರಿ. 40 ಕಿಮೀ ವೇಗದಲ್ಲಿ ಗಾಳಿ ಹಿಂದಕ್ಕೆ ತಳ್ಳುವ ಬಲ ಸುಮಾರು 50 ನ್ಯೂಟನ್. ಟೈರು ಉರುಳುವಾಗಿನ ತಡೆ ಸುಮಾರು 120. ಅಂದರೆ ಊರೊಳಗೆ ಗಾಳಿ ಲೆಕ್ಕಕ್ಕಿಲ್ಲ. 60ಕ್ಕೆ ಬರುವಷ್ಟರಲ್ಲಿ ಎರಡೂ ಸರಿಸಮ. 100ರಲ್ಲಿ ಟೈರಿನ ತಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಗಾಳಿಯದು 325 ದಾಟುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಶಿವರಂಜನಿ ಸಿಗ್ನಲ್ಲಿನಲ್ಲಿ ಬಿಆರ್‌ಟಿಎಸ್ ಬಸ್ಸಿನ ಪಕ್ಕ ನಿಂತಿರುವಾಗ ಕಾರಿನ ಆಕಾರ ಇಟ್ಟಿಗೆಯಂತಿದ್ದರೂ ನಷ್ಟವಿಲ್ಲ. ಸಿಟಿಎಂ ದಾಟಿದ ಮೇಲೆ ಮಾತ್ರ ಪ್ರತಿ ಮೂಲೆಗೂ ದುಡ್ಡು ತೆರಬೇಕು.

ತಮಾಷೆಯೆಂದರೆ ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಸ್ತುವಿಗೆ ಈ ಕಷ್ಟವೇ ಇಲ್ಲ. ಇಸ್ರೋ ಆವರಣದ ವಿಕ್ರಮ್ ಸಾರಾಭಾಯಿ ಸ್ಪೇಸ್ ಎಕ್ಸಿಬಿಷನ್ನಿಗೆ ಹೋಗಿ ಮಾದರಿಗಳನ್ನು ನೋಡಿ. ಉಪಗ್ರಹ ಎಂದರೆ ಚಿನ್ನದ ಬಣ್ಣದ ಹಾಳೆ ಸುತ್ತಿದ ಪೆಟ್ಟಿಗೆ, ಬದಿಗೆ ಬಾಗಿಲಿನಂಥ ಸೌರಫಲಕ, ಎಲ್ಲೆಲ್ಲೋ ಚಾಚಿದ ಆಂಟೆನಾ. ಅದು ಇರುವಲ್ಲಿ ಗಾಳಿ ಇಲ್ಲ. ನೆಲದಿಂದ ಹೊರಟು ಗಾಳಿ ತೆಳುವಾಗುವ ತನಕ ಅದನ್ನು ಕಾಯುವುದು ರಾಕೆಟ್ಟಿನ ಮೂತಿಯ ಕವಚ. ಪಿಎಸ್‌ಎಲ್‌ವಿಯಲ್ಲಿ ಅದರ ವ್ಯಾಸ 3.2 ಮೀಟರ್, ಕೆಲಸ ಮುಗಿದ ಮೇಲೆ ಎರಡು ಹೋಳಾಗಿ ಕಳಚಿ ಬೀಳುತ್ತದೆ. ಬೇಕಾದಾಗ ಹಾಕಿಕೊಂಡು ಬೇಡವಾದಾಗ ಬಿಸಾಡುವ ಆಕಾರ! ನಮ್ಮ ಕಾರುಗಳಿಗೆ ಆ ಭಾಗ್ಯವಿಲ್ಲ.

ನಾಸಾದ ಮಾತು ಬಂತಲ್ಲ, ಸೈಟ್ ಪ್ರಯೋಗಕ್ಕೆ ಸ್ವಲ್ಪ ಮೊದಲು, 1973ರ ಸುಮಾರಿಗೆ, ಅದೇ ಸಂಸ್ಥೆಯ ಕ್ಯಾಲಿಫೋರ್ನಿಯಾದ ಡ್ರೈಡನ್ ಕೇಂದ್ರದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಎಡ್ವಿನ್ ಸಾಲ್ಟ್ಸ್‌ಮನ್ ಎಂಬ ಎಂಜಿನಿಯರ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಹಾಯುವ ದೊಡ್ಡ ಲಾರಿ ಮೊದಲು ತನ್ನನ್ನು ಆಚೆ ತಳ್ಳಿ, ಮರುಕ್ಷಣ ತನ್ನತ್ತ ಎಳೆಯುವುದನ್ನು ಗಮನಿಸಿದರು. ವಿಮಾನಗಳ ಮೇಲೆ ಕೆಲಸ ಮಾಡುವ ಜನ, ಸುಮ್ಮನೆ ಬಿಡಲಿಲ್ಲ. ಹಳೆಯ ಫೋರ್ಡ್ ವ್ಯಾನೊಂದಕ್ಕೆ ಅಲ್ಯುಮಿನಿಯಂ ತಗಡು ಹೊಡೆದು ಎಲ್ಲ ಮೂಲೆ ಚೂಪಾಗಿರುವ ಶೂ ಡಬ್ಬಿಯಂತೆ ಮಾಡಿದರು. ಓಡಿಸಿ ಅಳೆದರು. ಆಮೇಲೆ ಒಂದೊಂದೇ ಮೂಲೆಯನ್ನು ದುಂಡಗೆ ಮಾಡುತ್ತ ಹೋದರು. ನಿಂತ ಮೂಲೆಗಳನ್ನು ದುಂಡು ಮಾಡಿದಾಗ ತಡೆ ನೂರಕ್ಕೆ 40 ಇಳಿಯಿತು. ಮಲಗಿದ ಅಂಚುಗಳನ್ನೂ ಮಾಡಿದಾಗ ಒಟ್ಟು 54. ಇಂದು ಹೆದ್ದಾರಿಯಲ್ಲಿ ಲಾರಿಯ ಕ್ಯಾಬಿನ್ ಮೇಲೆ ಕಾಣುವ ಗಾಳಿತಡೆ ಕವಚಗಳ ಹಿಂದೆ ಇಂಥ ಕೆಲಸ ಇದೆ. ನನಗೆ ಮೆಚ್ಚಿಗೆಯಾದದ್ದು ಅಂಕಿಯಲ್ಲ, ತಗಡು. ನಾಸಾದವರು ಕೂಡ ಮೊದಲು ಗುಜರಿಗೆ ಹೋಗುವ ವ್ಯಾನಿಗೆ ತಗಡು ಹೊಡೆದರು.

ಗುಜರಾತಿನಲ್ಲಿ ಈ ಬುದ್ಧಿ ಹೊಸದೇನಲ್ಲ. ಸೌರಾಷ್ಟ್ರದ ಕಡೆ ಹೋದರೆ ಬುಲೆಟ್ ಮೋಟರ್‌ಸೈಕಲ್ಲಿನ ಮುಂಭಾಗಕ್ಕೆ ಗಾಡಿ ಜೋಡಿಸಿದ ಛಕಡೋ ಎಂಬ ಮೂರು ಚಕ್ರದ ವಾಹನದ ಸದ್ದು ಒಂದು ಮೈಲಿ ಮೊದಲೇ ಕೇಳುತ್ತದೆ. ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾಣಿ ಬುಲೆಟ್ಟಿಗೆ ನೇಗಿಲು, ಕುಂಟೆ ಕಟ್ಟಿ ‘ಬುಲೆಟ್ ಸಾಂತಿ’ ಮಾಡಿದವರು. ಇಂಥವರನ್ನು ಹುಡುಕಿ ದಾಖಲಿಸುವ ಹನಿಬೀ ನೆಟ್‌ವರ್ಕ್ ಹುಟ್ಟಿದ್ದು ಸ್ಯಾಟಲೈಟ್‌ನಿಂದ ಕೂಗಳತೆಯಲ್ಲಿರುವ ವಸ್ತ್ರಾಪುರದ ಐಐಎಂನ ಪ್ರೊಫೆಸರ್ ಅನಿಲ್ ಗುಪ್ತಾ ಅವರಿಂದ. ಅವರ ಪತ್ರಿಕೆಯ ಕನ್ನಡ ಆವೃತ್ತಿಯ ಹೆಸರು ‘ಹಿತ್ತಲಗಿಡ’. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಯನ್ನು ತಿರುವಿ ಇಟ್ಟ ಹೆಸರು ಎಂದು ನಾನು ಅಂದುಕೊಂಡಿದ್ದೇನೆ.

ಸಾಮಾನು ಎಲ್ಲಿಂದ? ಭಾನುವಾರ ಎಲ್ಲಿಸ್ ಬ್ರಿಜ್ ಹತ್ತಿರ ಸಾಬರಮತಿ ದಂಡೆಯಲ್ಲಿ ಗುಜರಿ ಬಜಾರ್ ನೆರೆಯುತ್ತದೆ. ಜನ ರವಿವಾರಿ ಎನ್ನುತ್ತಾರೆ. ಹಳೆ ಮಂಚ, ಆಡಿನ ಗೊಂತು, ತುಕ್ಕು ಹಿಡಿದ ಸ್ಪ್ಯಾನರ್, ಅಲ್ಯುಮಿನಿಯಂ ಪಟ್ಟಿ ಎಲ್ಲ ಅಲ್ಲಿ. ಹಾಳೆಗೆ ಮಾತ್ರ ಸನ್‌ಪ್ಯಾಕ್. ಒಳಗೆ ಕೊಳವೆ ಕೊಳವೆಯಾಗಿರುವ, ಹಗುರ ಪ್ಲಾಸ್ಟಿಕ್ ಹಲಗೆ. ಚುನಾವಣೆಯಲ್ಲಿ ಕಂಬಕ್ಕೆ ಕಟ್ಟುವುದು ಅದನ್ನೇ. ಮತದಾನ ಮುಗಿದ ವಾರ ಪುಕ್ಕಟೆ ಸಿಗುತ್ತದೆ. ನನ್ನ ಕಾರಿನ ಹೊಟ್ಟೆಯಡಿ ನಾಯಕರೊಬ್ಬರ ಅರ್ಧ ಮುಖ ಇದೆ. ಯಾವ ಪಕ್ಷ ಎಂದು ಹೇಳುವುದಿಲ್ಲ, ಯಾವುದಾದರೂ ಗಾಳಿಗೆ ಒಂದೇ.

ಹೊಟ್ಟೆಯಡಿ ಯಾಕೆಂದರೆ, ಮೇಲೆ ನಯವಾಗಿ ಹೊಳೆಯುವ ಕಾರಿನ ಅಡಿಯಲ್ಲಿ ಬಗ್ಗಿ ನೋಡಿದರೆ ಸೈಲೆನ್ಸರ್ ಕೊಳವೆ, ಕಂಬಿ, ಬೋಲ್ಟು, ತಗ್ಗುದಿಣ್ಣೆ. ಅಲ್ಲಿ ಗಾಳಿ ತೊಡರಿಕೊಂಡು ಸುಳಿಯುತ್ತದೆ. ಮುಂದಿನ ಬಂಪರಿನ ಕೆಳಗಿನಿಂದ ಒಂದಷ್ಟು ದೂರ ಹಾಳೆ ಕಟ್ಟಿ ಸಪಾಟು ಮಾಡಿದರೆ ಅದು ಸರಾಗ ಹರಿಯುತ್ತದೆ. ಎರಡನೆಯದು ಚಕ್ರ. ತಿರುಗುವ ಕಡ್ಡಿಗಳು ಬೀಸಣಿಗೆಯಂತೆ ಗಾಳಿ ಕಡೆಯುತ್ತವೆ. ಚಪ್ಪಟೆ ಮುಚ್ಚಳ ಅದನ್ನು ತಡೆಯುತ್ತದೆ. ನಾನು ಹಿಂದಿನ ಎರಡಕ್ಕೆ ಮಾತ್ರ ಹಾಕಿದೆ, ಮುಂದಿನ ಬ್ರೇಕು ಬಿಸಿಯಾಗುವುದು ಹೆಚ್ಚು. ಮೂರನೆಯದು ಮುಂದಿನ ಗ್ರಿಲ್ಲನ್ನು ಅರ್ಧ ಮುಚ್ಚುವುದು. ಇದು ಡಿಸೆಂಬರ್, ಜನವರಿಯ ಕೆಲಸ. 2016ರ ಮೇ 20ರಂದು 48 ಡಿಗ್ರಿ ಕಂಡ ಊರು ಇದು. ಬೇಸಿಗೆಯಲ್ಲಿ ರೇಡಿಯೇಟರಿನ ಬಾಯಿ ಕಟ್ಟುವುದು ಎಂಜಿನ್ನಿನ ಕುತ್ತಿಗೆ ಹಿಸುಕಿದಂತೆ. ಹೋಳಿ ಬಂದರೆ ಗ್ರಿಲ್ಲಿನ ಹಾಳೆ ಅಟ್ಟಕ್ಕೆ. ಹಾಗೆ ನೋಡಿದರೆ ಬಿಸಿಲೇ ಒಂದು ಸಣ್ಣ ಉಪಕಾರ ಮಾಡುತ್ತದೆ: 45 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ನೂರಕ್ಕೆ ಆರರಷ್ಟು ತೆಳು, ತಡೆಯೂ ಅಷ್ಟು ಕಡಿಮೆ. ಆ ಉಳಿತಾಯವನ್ನೆಲ್ಲ ಏಸಿ ತಿಂದುಹಾಕುತ್ತದೆ ಎನ್ನುವುದು ಬೇರೆ ಮಾತು.

ಮುಟ್ಟದೆ ಬಿಟ್ಟ ಜಾಗಗಳೂ ಇವೆ. ನನ್ನದು ಸಿಎನ್‌ಜಿ ಕಾರು, ಇಲ್ಲಿ ಅರ್ಧ ಊರಿನದೂ ಅದೇ. ಸಿಎನ್‌ಜಿ ಗಾಳಿಗಿಂತ ಹಗುರ. ಎಲ್ಲಾದರೂ ಸೋರಿದರೆ ಅದು ಮೇಲೆ ಹೋಗಿ ಚದುರಬೇಕು. ಸಿಲಿಂಡರ್, ಕೊಳವೆ, ಅದರ ಉಸಿರುಕಿಂಡಿ ಇರುವ ಕಡೆ ಹಾಳೆ ಹೊದಿಸಿದರೆ ಸೋರಿದ ಅನಿಲಕ್ಕೆ ಕೋಣೆ ಕಟ್ಟಿಕೊಟ್ಟಂತೆ. ಸೈಲೆನ್ಸರಿನ ಹತ್ತಿರವೂ ಪ್ಲಾಸ್ಟಿಕ್ ಒಯ್ಯಬಾರದು. ಆದ್ದರಿಂದ ನನ್ನ ಹಾಳೆ ಕಾರಿನ ಮುಂದಿನ ಮೂರನೇ ಒಂದು ಭಾಗಕ್ಕೆ ನಿಂತಿತು. ನೂರರಲ್ಲಿ ಓಡುವಾಗ ಒಂದು ಮೂಲೆ ಕಳಚಿದರೆ ಹಿಂದಿನ ಕಾರಿನ ಗಾಜಿಗೆ ಹೋಗಿ ಬಡಿಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಟೈ ನಂಬದೆ ಅಗಲ ವಾಶರ್ ಹಾಕಿದ ಬೋಲ್ಟು, ಪ್ರತಿ ಸೋಮವಾರ ಬೆಳಿಗ್ಗೆ ಕೈಯಾಡಿಸಿ ನೋಡುವುದು.

ಬಾಲದ ಆಸೆಯನ್ನೂ ಬಿಟ್ಟೆ. ಗಾಳಿಗೆ ಮೂತಿಗಿಂತ ಬಾಲ ಮುಖ್ಯ. ಹನಿ ನೀರಿನ ಆಕಾರದಲ್ಲಿ ದುಂಡುಭಾಗ ಮುಂದಿದ್ದು, ಸಣ್ಣ ತುದಿ ಹಿಂದಿರುತ್ತದೆ. ಅಷ್ಟುದ್ದ ಬಾಲ ರಸ್ತೆಯಲ್ಲಿ ಆಗದ ಮಾತು ಎಂದು 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಅದನ್ನು ನಡುವೆ ಕತ್ತರಿಸಿ, ಲಾಭದ ಬಹುಪಾಲು ಉಳಿಯುತ್ತದೆ ಎಂದು ತೋರಿಸಿದರು. ಅಮೆರಿಕದಲ್ಲಿ ಹಳೆ ಹೋಂಡಾ ಸಿವಿಕ್ಕಿಗೆ ಮನೆಯಲ್ಲೇ ದೋಣಿಯಂಥ ಬಾಲ ಕಟ್ಟಿ ಓಡಿಸಿದವರಿದ್ದಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡ ಒಂದೊಂದು ಬದಲಾವಣೆಗೆ 5000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾರಿನ ಉದ್ದ ಬದಲಿಸುವ ಬಾಲ ಹಾಕಿದರೆ ಆರ್‌ಟಿಓ ಮುಂದೆ ಕಾಮ್ ಸಾಹೇಬರ ಹೆಸರು ಹೇಳಿ ಪ್ರಯೋಜನವಿಲ್ಲ. ಚೂಪು ತುದಿ ಪಾದಚಾರಿಗೆ ತಾಗಬಾರದು ಎಂಬ ಕಾಳಜಿ ನನಗೂ ಸರಿಯೇ ಅನ್ನಿಸುತ್ತದೆ.

ಇಷ್ಟಾದರೂ ಜನವರಿಯಲ್ಲಿ ಊರಿಗೆ ಊರೇ ವಾಹನ ಬದಲಿಸುತ್ತದೆ. ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಇಲ್ಲಿ ಗಾಳಿಪಟದ ಹಬ್ಬ. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ರಸ್ತೆಗೆ ಇಳಿಬಿದ್ದು ಸ್ಕೂಟರ್ ಸವಾರರ ಕುತ್ತಿಗೆ ಕೊಯ್ಯುತ್ತದೆ. ಅದಕ್ಕೆ ಹ್ಯಾಂಡಲ್ಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಕಮಾನಿನಂತೆ ಬಗ್ಗಿಸಿದ ಕಂಬಿ. ದಾರ ಕಂಬಿಗೆ ತಾಗಿ ಮೇಲೆ ಜಾರುತ್ತದೆ. ರಸ್ತೆ ಬದಿಯಲ್ಲಿ ನಿಂತು ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಪೊಲೀಸರೇ ನಿಂತು ಹಾಕಿಸುವುದೂ ಉಂಟು. ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಇರುವವರು ಆ ವಾರ ಇಲ್ಲಿಗೆ ಬಂದರೆ ಸಾವಿರಾರು ಸ್ಕೂಟರುಗಳಿಗೆ ಒಮ್ಮೆಲೇ ಬಿಲ್ಲು ಮೊಳೆತಿರುವುದನ್ನು ನೋಡಬಹುದು. ಗಾಳಿಪಟದ ಬಿದಿರ ಬಾಗಿಗೂ ಇಲ್ಲಿ ಕಮಾನ್ ಎಂದೇ ಹೆಸರು. ಮೇಲೊಂದು ಕಮಾನು, ಕೆಳಗೊಂದು.

ಆ ಹಬ್ಬದ ಮಕ್ಕಳೇ ನನ್ನ ಪರೀಕ್ಷೆಗೆ ಸಹಾಯ ಮಾಡಿದ್ದು. ಗಾಳಿ ಕಾರಿನ ಮೈಗೆ ಅಂಟಿಕೊಂಡು ಹರಿಯುತ್ತಿದೆಯೋ, ಕಿತ್ತುಹೋಗಿದೆಯೋ ಎಂದು ನೋಡಲು ಹಳೆಯ ಉಪಾಯ: ಗೇಣುದ್ದಕ್ಕಿಂತ ಚಿಕ್ಕ ಉಣ್ಣೆ ದಾರದ ತುಂಡುಗಳನ್ನು ಸಾಲಾಗಿ ಟೇಪಿನಿಂದ ಅಂಟಿಸಿ ಓಡಿಸುವುದು. ಹುಬ್ಬಳ್ಳಿ ಕಡೆಯ ಗೆಳೆಯರು ಪಕ್ಕದ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಹಿಡಿದರು. ‘ಏನ್ರೀ ಇದು, ಕಾರಿಗೆ ಜಾವಳ ಬಿಟ್ಟೀರೇನು?’ ಎಂದು ದಾರಿಯುದ್ದಕ್ಕೂ ನಗು. ಎಸ್‌ಜಿ ಹೈವೇಯಲ್ಲಿ ಬೆಳಗಿನ ಐದೂವರೆಗೆ ತೆಗೆದ ಆ ಚಿತ್ರದಲ್ಲಿ ಬಾನೆಟ್ಟಿನ ಮೇಲೆ, ಚಾವಣಿಯ ಮೇಲೆ ಎಳೆಗಳು ಎಣ್ಣೆ ಹಚ್ಚಿ ಬಾಚಿದಂತೆ ಹಿಂದಕ್ಕೆ ಮಲಗಿವೆ. ಹಿಂದಿನ ಗಾಜಿಗೆ ಬಂದ ಕೂಡಲೇ ಎಲ್ಲವೂ ಹುಚ್ಚೆದ್ದು ಕುಣಿಯುತ್ತಿವೆ, ಕೆಲವು ಮುಂದಕ್ಕೂ ತಿರುಗಿವೆ. ಇಂಧನ ಹೋಗುವುದು ಅಲ್ಲಿ. ಲೆಕ್ಕ ಓದಿ ತಿಳಿಯುವುದಕ್ಕೂ ಆ ಕುಣಿತ ನೋಡುವುದಕ್ಕೂ ವ್ಯತ್ಯಾಸ ಇದೆ.

ಫಲ? ಪಂಪಿನಲ್ಲಿ ಸಿಎನ್‌ಜಿಯನ್ನು ಕೆಜಿಯಲ್ಲೇ ಅಳೆಯುವುದರಿಂದ ಬಿಲ್ಲು ಇಟ್ಟುಕೊಂಡರೆ ಲೆಕ್ಕ ಸುಲಭ. ಆದರೆ ಬಿಸಿಲಿದ್ದಾಗ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಪಂಪಿನ ಒತ್ತಡ ದಿನದಿನಕ್ಕೂ ಬೇರೆ. ಒಂದು ಬಿಲ್ಲು ನಂಬುವಂತಿಲ್ಲ, ಹತ್ತಾರು ಬಿಲ್ಲುಗಳ ಸರಾಸರಿ ಬೇಕು. ಹಾಳೆ ಹಾಕಿ ಕೆಲವು ವಾರ, ಬಿಚ್ಚಿ ಕೆಲವು ವಾರ, ಮತ್ತೆ ಹಾಕಿ ಕೆಲವು ವಾರ. ಹೋಗುವಾಗ, ಬರುವಾಗ ಎರಡೂ ಸೇರಿಸಬೇಕು. ಎಕ್ಸ್‌ಪ್ರೆಸ್‌ವೇ ಆಗ್ನೇಯಕ್ಕೆ ಓಡುತ್ತದೆ, ಬೇಸಿಗೆಯ ನೈಋತ್ಯದ ಗಾಳಿ ಪಕ್ಕೆಗೆ ಹೊಡೆಯುತ್ತದೆ. ಎಲ್ಲ ಕೂಡಿಸಿ ಕಳೆದು ನನಗೆ ಸಿಕ್ಕದ್ದು ನೂರಕ್ಕೆ ನಾಲ್ಕೈದು. ಸಣ್ಣ ಸಂಖ್ಯೆ, ಆದರೆ ಲೆಕ್ಕಕ್ಕೆ ಹೊಂದುತ್ತದೆ. ಇದಕ್ಕಿಂತ ದೊಡ್ಡದು ಪುಕ್ಕಟೆ ಇದೆ. 100ರ ಬದಲು 80ರಲ್ಲಿ ಹೋದರೆ ಗಾಳಿ, ಟೈರು ಎರಡೂ ಸೇರಿದ ತಡೆ ನೂರಕ್ಕೆ 26ರಷ್ಟು ಇಳಿಯುತ್ತದೆ. 93 ಕಿಮೀಗೆ 14 ನಿಮಿಷ ತಡ. ಹದಿನಾಲ್ಕು ನಿಮಿಷ ನಮ್ಮಂಥವರಿಗೆ ದೊಡ್ಡದಲ್ಲ. ದಿನಕ್ಕೆ ಎರಡು ಟ್ರಿಪ್ ಹೊಡೆಯುವವನಿಗೆ ಹಾಗಲ್ಲ.

ನಮ್ಮ ಸೊಸೈಟಿಯ ಹಿಂದಿನ ಗಲ್ಲಿಯಲ್ಲಿ ಇರುವ ಟ್ಯಾಕ್ಸಿಯವರೊಬ್ಬರು ನನ್ನ ಕೆಲಸವನ್ನು ಮೊದಲಿನಿಂದ ನೋಡುತ್ತಿದ್ದರು. ಏಳು ಸೀಟಿನ ಸಿಎನ್‌ಜಿ ಗಾಡಿ, ಸಾಲದ ಕಂತು ಇನ್ನೂ ಇದೆ. ಒಂದು ದಿನ ಬಂದು, ‘ಸಾಹೇಬ್, ನನಗೂ ಒಂದು ಹಾಳೆ ಕಟ್ಟಿಕೊಡಿ, ಕಂತಿಗೆ ಆಗುತ್ತೆ’ ಎಂದರು. ಗಾಡಿ ನೋಡಿದೆ. ಚಾವಣಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಖಾಲಿ, ವರ್ಷಪೂರ್ತಿ. ‘ಭಾಯಿ, ಹಾಳೆ ಬೇಡ. ಮೊದಲು ಅದನ್ನು ಇಳಿಸಿ’ ಎಂದೆ. ಚಾವಣಿಯ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತರೆ ಊರೊಳಗೆ ನೂರಕ್ಕೆ 2ರಿಂದ 8, ಹೆದ್ದಾರಿಯ ಭರಾಟೆಯಲ್ಲಿ 10ರಿಂದ 25ರವರೆಗೆ ಮೈಲೇಜು ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ವಾಹನ ಮಾಲೀಕರಿಗೆ ಹೇಳುತ್ತದೆ. ಖಾಲಿ ಕ್ಯಾರಿಯರಿನದು ಅಷ್ಟಿರಲಿಕ್ಕಿಲ್ಲ. ಹತ್ತರ ಅರ್ಧ ಎಂದೇ ಇಟ್ಟುಕೊಳ್ಳಿ. ವಡೋದರಾಕ್ಕೆ ಹೋಗಿ ಬರಲು 220 ಕಿಮೀ, ಕೆಜಿಗೆ 22 ಕಿಮೀ, ಹತ್ತು ಕೆಜಿ. ಕೆಜಿಗೆ 80 ರೂಪಾಯಿ ಹಿಡಿದರೆ ದಿನಕ್ಕೆ 800. ಅದರಲ್ಲಿ ನೂರಕ್ಕೆ ಐದು 40 ರೂಪಾಯಿ. ತಿಂಗಳಿಗೆ 25 ದಿನ ಓಡಿದರೆ ಸಾವಿರ. ಹೆಗಲ ಮೇಲಿನ ಸಾಮಾನು ಇಳಿಸಿದ್ದಕ್ಕೆ ಸಾವಿರ ರೂಪಾಯಿ.

ಅವರು ಕಾಗದದ ಮೇಲಿನ ಲೆಕ್ಕ ಎರಡು ಸಲ ನೋಡಿದರು. ಗುಜರಾತಿಗಳಿಗೆ ಲೆಕ್ಕ ವಿವರಿಸುವ ಅಗತ್ಯ ಬೀಳುವುದಿಲ್ಲ. ಅವರ ಪ್ರಶ್ನೆ ಬೇರೆ ಇತ್ತು. ‘ಅಂಬಾಜಿ ಪಾರ್ಟಿ ಬಂದರೆ?’ ಭಾದ್ರಪದ ಹುಣ್ಣಿಮೆಗೆ ಲಕ್ಷಾಂತರ ಜನ ನಡೆದುಕೊಂಡು ಅಂಬಾಜಿಗೆ ಹೋಗುತ್ತಾರೆ, ಅವರ ಜೊತೆ ಪಾತ್ರೆ, ಹಾಸಿಗೆ, ನೀರಿನ ಕ್ಯಾನು ಹೊತ್ತ ಗಾಡಿಗಳು. ದ್ವಾರಕಾ, ಸೋಮನಾಥ ಎಂದರೆ ಏಳು ಜನ, ಒಂಬತ್ತು ಚೀಲ. ಗಿರಾಕಿ ದೂರದಿಂದ ಚಾವಣಿ ನೋಡುತ್ತಾನೆ. ಕ್ಯಾರಿಯರ್ ಕಂಡರೆ ಹತ್ತಿರ ಬರುತ್ತಾನೆ, ಇಲ್ಲದಿದ್ದರೆ ಮುಂದಿನ ಗಾಡಿಗೆ ಹೋಗುತ್ತಾನೆ. ಗಾಳಿಗೆ ತಡೆಯಾದದ್ದೇ ಅವರಿಗೆ ಅಂಗಡಿಯ ಬೋರ್ಡು. ಒಂದು ಯಾತ್ರೆಯ ಬಾಡಿಗೆ ತಪ್ಪಿದರೆ ತಿಂಗಳ ಸಾವಿರ ಎಲ್ಲಿ ಹೋಯಿತು?

ನನ್ನ ಹತ್ತಿರ ಅದಕ್ಕೆ ಅಂಕಿಯಲ್ಲಿ ಉತ್ತರ ಇರಲಿಲ್ಲ. ಇಬ್ಬರೂ ಕ್ಯಾರಿಯರಿನ ಕಾಲು ನೋಡುತ್ತ ನಿಂತೆವು. ತುಕ್ಕು ಹಿಡಿದ ನಟ್ಟು, ಬಿಚ್ಚಲು ಸ್ಪ್ಯಾನರ್, ಎರಡು ಜನ, ಅರ್ಧ ಗಂಟೆ. ಅದಕ್ಕೇ ಯಾರೂ ಬಿಚ್ಚುವುದಿಲ್ಲ. ರವಿವಾರಿಯಿಂದ ಕೈಯಲ್ಲೇ ತಿರುಗಿಸುವ ಕಿವಿ ನಟ್ಟುಗಳನ್ನು ತಂದೆವು. ಒಂದೊಂದಕ್ಕೂ ಸಡಿಲಾಗದಂತೆ ಸ್ಪ್ರಿಂಗ್ ವಾಶರ್, ಮೇಲೊಂದು ಪಿನ್ನು. ಈಗ ಇಬ್ಬರು ಸೇರಿದರೆ ಹತ್ತು ನಿಮಿಷ. ವಡೋದರಾ ಟ್ರಿಪ್ಪಿನ ದಿನ ಇಳಿಸುವುದು, ಯಾತ್ರೆಯ ಬುಕಿಂಗ್ ಬಂದರೆ ಏರಿಸುವುದು. ಗಾಡಿಯ ಹಿಂದಿನ ಗಾಜಿಗೆ ಗುಜರಾತಿಯಲ್ಲಿ ‘ಕ್ಯಾರಿಯರ್ ಸಿಗುತ್ತದೆ’ ಎಂಬ ಅರ್ಥದ ಸ್ಟಿಕ್ಕರು ಅವರದೇ ಯೋಚನೆ.

ಉಳಿದದ್ದು ಜಾಗದ ಸಮಸ್ಯೆ. ಇಳಿಸಿದ ಕ್ಯಾರಿಯರ್ ಇಡಲು ಅವರ ಗಲ್ಲಿಯಲ್ಲಿ ಎಡೆ ಇಲ್ಲ. ನಮ್ಮ ಸೊಸೈಟಿಯ ಮೆಟ್ಟಿಲ ಕೆಳಗೆ ಗೋಡೆಗೆ ನೇತುಹಾಕಿದ್ದೇವೆ. ಹೊರಗಿನವರ ಸಾಮಾನು ಒಳಗೆ ಇಡುವಂತಿಲ್ಲ ಎಂದು ಸೆಕ್ರೆಟರಿ ಕಾಕಾ ಎರಡು ನೋಟಿಸು ಅಂಟಿಸಿದ್ದಾರೆ. ಶ್ರಾವಣ ಮುಗಿಯುತ್ತಿದ್ದಂತೆ ಅವರ ಕುಟುಂಬವೂ ಅಂಬಾಜಿಗೆ ಹೊರಡುವುದಿದೆ, ಗಾಡಿ ಇದೇ. ಮೂರನೇ ನೋಟಿಸು ಇನ್ನೂ ಬಂದಿಲ್ಲ.